ತಾಳಮದ್ದಳೆಯ ಭಾಗವತನು

ತಾಳಮದ್ದಳೆಯು ಇಂದುನಿನ್ನೆಯದಲ್ಲ, ಬಳ್ಳಾರಿ ಸೀಮೆಯ ಸೋಮಸಮುದ್ರದ 1556ರ ಶಾಸನದಲ್ಲಿಯೇ ಅದರ ಹೆಸರುಂಟು. ಕೊಪ್ಪ, ಶೃಂಗೇರಿ, ಕಳಸಗಳ ಮಲೆನಾಡಿಗೆ ಪರಿಚಿತವಾದ ಈ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ರಾಮನೂ ವಾಲಿಯೂ ಆಗುವರು. ಪದ್ಯಗಳು ಬರೆದಿಟ್ಟವು, ಮಾತೆಲ್ಲವೂ ಆಶುವಾದುದು.

ಕೂಟವನ್ನು ನಡೆಯಿಸುವವನು ಭಾಗವತನು. ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ವಾದವನ್ನು ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಣಯವು ಅವನದೇ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರದಾಟದಲ್ಲಿಯೂ ಇಂತಹ ಸೂತ್ರಧಾರನೊಬ್ಬನುಂಟು. ಅಲ್ಲಿ ಸಂದಿಗ್ಧವನ್ನು ದಾಳವು ಬಗೆಹರಿಸುವುದು. ಭಾಗವತನಿಗೆ ದಾಳವಿಲ್ಲ.

ವಾಲಿಯು ಸಾಯುವನೆಂಬುದನ್ನು ಸಭೆಯೆಲ್ಲ ಬಲ್ಲದು. ಮರೆಯಿಂದ ಬಾಣ ಬಿಟ್ಟುದು ಧರ್ಮವೇ ಎಂಬ ವಾದದಲ್ಲಿ ಗೆಲ್ಲುವವರು ಯಾರೆಂಬುದನ್ನು ಮಾತ್ರ ಯಾರೂ ಅರಿಯರು. ಭಾಗವತನು ಅವಸರಪಟ್ಟು ಹಾಡಿದರೆ ವಾಲಿಯ ಪ್ರಶ್ನೆ ಬಾಯಲ್ಲೇ ಉಳಿಯುವುದು. ತಡಮಾಡಿದರೆ ಬೆಳಗಾದರೂ ಕಥೆ ಮುಗಿಯದು.