ಶಂಟ್: ಪಕ್ಕಕ್ಕೆ ಸರಿದು ಬಂದ ಪದ

ಮಿದುಳಿನಲ್ಲಿ ರಕ್ತಸ್ರಾವವಾದವರ ಮನೆಯವರು ಎರಡು ಸಲ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕಾಗಿ ಬರುವುದುಂಟು. ಮೊದಲು ‘ಇವಿಡಿ’ಗೆ, ಆಮೇಲೆ ‘ಶಂಟ್’ಗೆ. ಊರಿಗೆ ಫೋನ್ ಮಾಡುವಾಗ ಎರಡೂ ಒಂದೇ ಆಗಿಬಿಡುತ್ತವೆ: “ತಲೇಲಿ ನೀರು ತುಂಬಿದೆಯಂತೆ, ಪೈಪ್ ಹಾಕಿ ತೆಗೀತಾರಂತೆ.” ಆದರೆ ಶಂಟ್ ನೀರನ್ನು ಮೈಯಿಂದ ಹೊರಗೆ ತೆಗೆಯುವುದಿಲ್ಲ. ಆ ಪದಕ್ಕೆ ಆ ಅರ್ಥ ಯಾವತ್ತೂ ಇರಲಿಲ್ಲ.

ಬೆಚ್ಚಿ ಪಕ್ಕಕ್ಕೆ ಸರಿಯುವುದು, ಪೆಟ್ಟು ತಪ್ಪಿಸಿಕೊಳ್ಳುವುದು: ನಡುಗಾಲದ ಇಂಗ್ಲಿಷಿನಲ್ಲಿ ಶಂಟ್ ಎಂದರೆ ಇಷ್ಟೇ. 14ನೇ ಶತಮಾನದ ‘ಸರ್ ಗವೇನ್ ಅಂಡ್ ದ ಗ್ರೀನ್ ನೈಟ್’ ಕಾವ್ಯದಲ್ಲಿ ಕೊಡಲಿ ಕುತ್ತಿಗೆಗೆ ಇಳಿಯುವಾಗ ವೀರ ಗವೇನ್ ಭುಜ ಕುಗ್ಗಿಸುವುದಕ್ಕೂ ಇದೇ ಮಾತು. ಮುಂದೆ ಹಳ್ಳಿಗರ ಆಡುನುಡಿಯಲ್ಲಿ ಉಳಿದುಕೊಂಡಿದ್ದ ಅದನ್ನು 19ನೇ ಶತಮಾನದಲ್ಲಿ ರೈಲಿನವರು ಎತ್ತಿಕೊಂಡರು. ಅಲ್ಲಿಗೆ ಅಂಜಿಕೆ ಬಿಟ್ಟುಹೋಯಿತು, ಸರಿಯುವುದು ಮಾತ್ರ ಉಳಿಯಿತು. ಹುಬ್ಬಳ್ಳಿ, ಅರಸೀಕೆರೆಗಳ ಯಾರ್ಡಿನಲ್ಲಿ ‘ಶಂಟಿಂಗ್’ ಕನ್ನಡವೇ ಆಗಿಹೋಗಿದೆ. ಐಟಿಐ ಹುಡುಗರಿಗೆ ಅಮ್ಮೀಟರಿನ ಶಂಟ್ ಗೊತ್ತು; ಅಲ್ಲಿ ಪಕ್ಕದ ದಾರಿ ಹಿಡಿಯುವುದು ಕರೆಂಟು.

ಆಸ್ಪತ್ರೆಯಲ್ಲಿ ದಾರಿ ಬದಲಿಸುವುದು ಮಿದುಳಿನ ದ್ರವ. ತಲೆ, ಬೆನ್ನುಹುರಿಗಳಲ್ಲಿ ಯಾವ ಹೊತ್ತಿಗೂ ಇರುವುದು ಸುಮಾರು 150 ಮಿಲಿಲೀಟರ್. ದಿನಕ್ಕೆ ಹುಟ್ಟುವುದು ಸುಮಾರು 500. ಹುಟ್ಟಿದಷ್ಟೂ ರಕ್ತಕ್ಕೆ ಹಿಂದಿರುಗುತ್ತಿರಬೇಕು. ಸೋರಿದ ರಕ್ತ ಆ ದಾರಿಗಳನ್ನು ಕಟ್ಟಿದರೆ ದ್ರವ ಶೇಖರವಾಗಿ ಮಿದುಳನ್ನು ಒಳಗಿನಿಂದ ಒತ್ತುತ್ತದೆ. ಆಗ ತುರ್ತಿಗೆ ಇವಿಡಿ. ತಲೆಬುರುಡೆಯಲ್ಲಿ ರಂಧ್ರ ಕೊರೆದು ಮಿದುಳಿನ ಕುಹರಕ್ಕೆ ಸಣ್ಣ ನಳಿಕೆ ಇಳಿಸಿ, ದ್ರವವನ್ನು ಮಂಚದ ಪಕ್ಕದ ಚೀಲಕ್ಕೆ ಬಿಡುತ್ತಾರೆ. ಎಷ್ಟು ಹರಿಯಬೇಕೆಂಬುದನ್ನು ರೋಗಿಯ ಕಿವಿಯ ಮಟ್ಟದಿಂದ ಅಳೆದ ಎತ್ತರ ನಿರ್ಧರಿಸುತ್ತದೆ. ನೆಂಟರು ಪ್ರೀತಿಯಿಂದ ತಲೆದಿಂಬು ಎತ್ತರಿಸಿದರೆ ನರ್ಸ್ ಗದರುವುದು ಅದಕ್ಕೇ. ತಲೆ ಮೇಲಾದರೆ ದ್ರವ ಬೇಕಾದ್ದಕ್ಕಿಂತ ಹೆಚ್ಚು ಇಳಿದುಹೋಗುತ್ತದೆ.

ಇವಿಡಿಯನ್ನು ಬಹಳ ದಿನ ಇಡುವಂತಿಲ್ಲ, ಸೋಂಕಿನ ಭಯ. ನಳಿಕೆ ಮುಚ್ಚಿ ನೋಡಿದಾಗ ಒತ್ತಡ ಮತ್ತೆ ಏರಿದರೆ ಶಂಟ್ ಹಾಕುತ್ತಾರೆ. ಕಿವಿಯ ಹಿಂದಿನಿಂದ ಕುತ್ತಿಗೆ, ಎದೆಗಳ ಚರ್ಮದಡಿ ಹಾದು ನಳಿಕೆ ಹೊಟ್ಟೆಯೊಳಗೆ ಮುಗಿಯುತ್ತದೆ. ಅಲ್ಲಿ ದ್ರವವನ್ನು ಮೈ ಹೀರಿಕೊಂಡು ರಕ್ತಕ್ಕೇ ಸೇರಿಸುತ್ತದೆ. ಬೋಗಿ ಗುಜರಿಗೆ ಹೋಗಲಿಲ್ಲ, ಹಳಿ ಬದಲಾಯಿತು. ರೈಲಿನವರ ಅರ್ಥವೇ ಇಲ್ಲಿ ಸರಿಯಾಗಿ ಕೂರುತ್ತದೆ.

ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಸಿಗುವವರೆಗೆ ಇದು ನೆಚ್ಚುವಂಥ ಚಿಕಿತ್ಸೆಯಾಗಿರಲಿಲ್ಲ. 1950ರ ದಶಕದಲ್ಲಿ ಅಂಥದ್ದೊಂದನ್ನು ಸಿಲಿಕೋನಿನಲ್ಲಿ ಮಾಡಿಕೊಟ್ಟ ಜಾನ್ ಹೋಲ್ಟರ್ ವೈದ್ಯನಲ್ಲ, ಫಿಲಡೆಲ್ಫಿಯಾದ ಒಬ್ಬ ಮೆಕ್ಯಾನಿಕ್. ಅವನ ಮಗುವಿನ ತಲೆಯಲ್ಲಿ ನೀರು ತುಂಬಿತ್ತು. ನಮ್ಮ ದೇಶದ ಛಾಬ್ರಾ ಶಂಟ್ ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುತ್ತದೆ. ಅಗ್ಗವಾದ್ದರಿಂದ ಆಫ್ರಿಕಾದ ಮಕ್ಕಳಿಗೂ ಒದಗಿದೆ.

ಕ್ರಿಯಾಪದವಾಗಿ ಹುಟ್ಟಿದ್ದು ಈಗ ಕೈಯಲ್ಲಿ ಹಿಡಿಯಬಹುದಾದ ವಸ್ತು. ಅದು ಕೆಡುತ್ತದೆ, ಕಟ್ಟಿಕೊಳ್ಳುತ್ತದೆ. ವರ್ಷಗಳ ಮೇಲೆ ತಲೆನೋವು, ವಾಂತಿ, ಮಂಪರು ಶುರುವಾದರೆ ನರಶಸ್ತ್ರವೈದ್ಯರು ಮೊದಲು ಅನುಮಾನಿಸುವುದು ಅದನ್ನೇ.