ಎಲ್‌ಸಿ ಪದ್ಧತಿ ಮತ್ತು ಏಜೆಂಟ್: ಕ್ಲೌಡ್ ಡೇಟಾಬೇಸಿನ ಗಾತ್ರ ಬದಲಾವಣೆಯ ಕುರಿತು ಒಂದು ಟಿಪ್ಪಣಿ

1

ಶಿವಮೊಗ್ಗ, ಭದ್ರಾವತಿಯಲ್ಲಿ ಪತ್ರಿಕೆ ಓದುವವರಿಗೆ ‘ವಿದ್ಯುತ್ ವ್ಯತ್ಯಯ’ ಎಂಬ ಶೀರ್ಷಿಕೆ ಹೊಸದಲ್ಲ. ಮೆಸ್ಕಾಂನ ಆ ಪುಟ್ಟ ಪ್ರಕಟಣೆ ಮೂರು ವಿಷಯ ಹೇಳುತ್ತದೆ: ಕಾಮಗಾರಿ ಯಾವುದು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಬಡಾವಣೆಗಳಿಗೆ ಕರೆಂಟ್ ಇರುವುದಿಲ್ಲ. ಬೀದಿಯ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಇಳಿಸಿ 100 ಕೆವಿಎ ಟಿಸಿ ಏರಿಸಬೇಕಾದರೂ ಈ ಮೂರು ಇತ್ಯರ್ಥವಾಗಬೇಕು.

ಕ್ಲೌಡ್‌ನಲ್ಲಿರುವ ಡೇಟಾಬೇಸಿನ ಗಾತ್ರ ಬದಲಿಸುವುದೂ ಇಂಥದೇ ಕೆಲಸ. ಅದನ್ನು ಈಗ ಎಐ ಏಜೆಂಟಿಗೆ ಆಡುಮಾತಿನಲ್ಲಿ ಹೇಳಿ ಮಾಡಿಸಬಹುದು. ಹಾಗೆ ಹೇಳುವಾಗ ಆ ಮೂರರಲ್ಲಿ ಯಾವುದು ಸೋರಿಹೋಗುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಪರಿಶೀಲನೆಯನ್ನು ಅಮೆಜಾನ್‌ನ ಆರ್‌ಡಿಎಸ್ ಸೇವೆಗೆ, ಅದರಲ್ಲೂ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸೀಮಿತಗೊಳಿಸಿದ್ದೇನೆ. ಆರ್‌ಡಿಎಸ್ ಶುರುವಾದದ್ದು 2009ರಲ್ಲಿ. ಅಮೆಜಾನ್ ಕ್ಲೌಡ್‌ನ ಮುಂಬೈ ಕೇಂದ್ರ ತೆರೆದದ್ದು 2016ರಲ್ಲಿ. ಏಜೆಂಟುಗಳನ್ನು ಇಂಥ ಸೇವೆಗಳಿಗೆ ಜೋಡಿಸುವ ಎಂಸಿಪಿ ಎಂಬ ಒಡಂಬಡಿಕೆಯನ್ನು ಆಂಥ್ರೋಪಿಕ್ ಸಂಸ್ಥೆ ಪ್ರಕಟಿಸಿದ್ದು 2024ರ ನವೆಂಬರಿನಲ್ಲಿ. ಏಜೆಂಟ್ ಡೇಟಾಬೇಸನ್ನು ತಾನೇ ಮುಟ್ಟುವುದಿಲ್ಲ. ನಮ್ಮ ಮಾತು ಕೇಳಿಸಿಕೊಂಡು ಒಂದು ಅರ್ಜಿಯ ಖಾಲಿ ಜಾಗಗಳನ್ನು ತುಂಬಿ ಉಪಕರಣದ ಕೈಗೆ ಕೊಡುತ್ತದೆ. ಆದ್ದರಿಂದ ನಾವು ಹೇಳದೆ ಬಿಟ್ಟದ್ದನ್ನು ಅದು ಹೇಗೆ ತುಂಬುತ್ತದೆ ಎಂಬುದೇ ಮುಖ್ಯ.

2

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಶಿವಮೊಗ್ಗದ ಒಂದು ಅಡಿಕೆ ಮಂಡಿ. ಕೊಯ್ಲಿನ ಕಾಲಕ್ಕೆ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಆವಕ ಏರಿದಂತೆ ಲೆಕ್ಕದ ತಂತ್ರಾಂಶ ನಿಧಾನವಾಗುತ್ತದೆ. ತಂತ್ರಾಂಶ ನೋಡಿಕೊಳ್ಳುವವರು ಭದ್ರಾವತಿಯ ನ್ಯೂಟೌನಿನಲ್ಲಿ ಕೂತು ಏಜೆಂಟಿಗೆ ಹೇಳುತ್ತಾರೆ: “ಡೇಟಾಬೇಸ್ ಸ್ವಲ್ಪ ದೊಡ್ಡದು ಮಾಡು. ಮಂಗಳವಾರ ಬೆಳಗಿನ ಜಾವ ನಾಲ್ಕಕ್ಕೆ.”

‘ದೊಡ್ಡದು’ ಎಂದರೆ ಯಾವುದು? ಆರ್‌ಡಿಎಸ್‌ನ ಟಿ3 ಮೀಡಿಯಂ ಎಂಬ ಗಾತ್ರದಿಂದ ಟಿ3 ಲಾರ್ಜ್‌ಗೆ ಹೋದರೆ ಮೆಮೊರಿ 4 ಜಿಬಿಯಿಂದ 8 ಜಿಬಿಗೆ ಏರುತ್ತದೆ. ಪ್ರೊಸೆಸರ್ ಎರಡಿದ್ದದ್ದು ಎರಡೇ. ನಿಧಾನಕ್ಕೆ ಕಾರಣ ಪ್ರೊಸೆಸರ್ ಆಗಿದ್ದರೆ ದುಡ್ಡು ದಂಡ. ಡಿಸ್ಕ್ ಹಿಗ್ಗಿಸಬೇಕೆಂದು ಏಜೆಂಟ್ ಅರ್ಥಮಾಡಿಕೊಂಡರಂತೂ ಸಂಗತಿ ಬೇರೆಯೇ. ಸೀಸನ್ ಮುಗಿದ ಮೇಲೆ ಲಾರ್ಜನ್ನು ಮತ್ತೆ ಮೀಡಿಯಂಗೆ ಇಳಿಸಬಹುದು. ಹಿಗ್ಗಿಸಿದ ಡಿಸ್ಕನ್ನು ಅದೇ ಡೇಟಾಬೇಸಿನಲ್ಲಿ ನೇರವಾಗಿ ಕುಗ್ಗಿಸಲು ಬರುವುದಿಲ್ಲ. ಬಾಡಿಗೆ ವರ್ಷವಿಡೀ ಕಟ್ಟಬೇಕು.

3

ಸಮಯದ ಮಾತು ಇನ್ನೂ ಸೂಕ್ಷ್ಮ. ಆರ್‌ಡಿಎಸ್‌ನಲ್ಲಿ ‘ಕೂಡಲೇ ಅನ್ವಯಿಸು’ ಎಂದು ಬರೆಯದಿದ್ದರೆ ಮೀಡಿಯಂನಿಂದ ಲಾರ್ಜ್‌ಗೆ ಹೋಗುವ ಬದಲಾವಣೆ ವಾರಕ್ಕೊಮ್ಮೆ ಬರುವ ನಿರ್ವಹಣಾ ಅವಧಿಯವರೆಗೆ ಕಾಯುತ್ತದೆ. ಆ ಅವಧಿಯನ್ನು ಬರೆಯಬೇಕಾದದ್ದು ಯುಟಿಸಿ ಗಡಿಯಾರದಲ್ಲಿ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಏಜೆಂಟ್ ‘ಮಂಗಳವಾರ 04:00’ ಎಂದು ಕೇಳಿದ್ದನ್ನೇ ತುಂಬಿದರೆ ಡೇಟಾಬೇಸ್ ನಿಲ್ಲುವುದು ನಮ್ಮ ಬೆಳಿಗ್ಗೆ 9:30ಕ್ಕೆ, ಮಂಡಿಯಲ್ಲಿ ಚೀಲ ಬಿಚ್ಚುವ ಹೊತ್ತಿಗೆ. ಸರಿಯಾಗಿ ತುಂಬಬೇಕಾದದ್ದು ‘ಸೋಮವಾರ 22:30’. ಸೂರ್ಯೋದಯದಿಂದ ವಾರ ಎಣಿಸುವ ಪಂಚಾಂಗಕ್ಕೂ ಆ ಹೊತ್ತು ಇನ್ನೂ ಸೋಮವಾರವೇ. ಹಿರಿಯರ ಲೆಕ್ಕವೂ ಯುಟಿಸಿಯೂ ಇಲ್ಲಿ ಒಂದಾಗುತ್ತವೆ. ತಪ್ಪುವುದು ನಡುವಿನ ನಮ್ಮ ಮೊಬೈಲ್ ಗಡಿಯಾರ ನಂಬಿದ ಮಾತು.

ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಕ್ಕೂ ಒಂದೇ ಉತ್ತರವಿಲ್ಲ. ಬದಲಿ ಪ್ರತಿ ಸಿದ್ಧವಿರುವ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 60ರಿಂದ 120 ಸೆಕೆಂಡ್, ಒಂಟಿ ಡೇಟಾಬೇಸಿಗೆ ಹಲವು ನಿಮಿಷ. ಮರಳಿ ಎದ್ದಾಗ ಮೆಮೊರಿಯಲ್ಲಿ ಹಳೆಯ ದತ್ತಾಂಶ ಇರುವುದಿಲ್ಲವಾದ್ದರಿಂದ ಮೊದಲ ಕೆಲ ಪ್ರಶ್ನೆಗಳಿಗೆ ಉತ್ತರ ತಡವಾಗುತ್ತದೆ.

‘ಈಗಲೇ ಮಾಡು’ ಎಂದರೂ ಒಂದು ಸಿಕ್ಕು ಇದೆ. ಹಿಂದೆ ಯಾರೋ ಮುಂದೂಡಿಟ್ಟ ಬದಲಾವಣೆಗಳು ಸರದಿಯಲ್ಲಿದ್ದರೆ ಅವೂ ಇದರ ಜೊತೆಗೇ ಜಾರಿಯಾಗುತ್ತವೆ. ಕೇಳಿದ್ದು ಒಂದು, ಆಗುವುದು ಮೂರು.

4

ಇಂಥ ಎಡವಟ್ಟು ತಡೆಯಲು ಎಂಸಿಪಿಯಲ್ಲೇ ಎಚ್ಚರಿಕೆಯ ಗುರುತು ಇಲ್ಲವೇ? ಇದೆ. 2025ರ ಮಾರ್ಚ್ ಆವೃತ್ತಿಯಿಂದ ಪ್ರತಿ ಉಪಕರಣಕ್ಕೂ ‘ಓದುವುದಷ್ಟೇ’, ‘ನಾಶಕ’ ಎಂಬಂಥ ಗುರುತು ಹಚ್ಚಬಹುದು. ಆದರೆ ಅಲ್ಲಿ ನಾಶಕಕ್ಕೆ ಎದುರಾಗಿ ನಿಂತಿರುವುದು ‘ಬರೀ ಸೇರಿಸುವಂಥದ್ದು’ ಎಂಬ ವರ್ಗ. ಡಿಸ್ಕ್ ಹಿಗ್ಗಿಸುವುದು ಬರೀ ಸೇರಿಸುವ ಕೆಲಸ; ಏನನ್ನೂ ಅಳಿಸುವುದಿಲ್ಲ. ಆದರೂ ಹಿಂದಿರುಗಿಸಲಾಗದು. ನಾಶವಾಗದಿರುವುದು ಮತ್ತು ಹಿಂದಿರುಗಿಸಬಹುದಾದದ್ದು ಎರಡೂ ಒಂದೇ ಎಂದು ಎಣಿಸಿದರೆ ಈ ಗುರುತು ಕಾಯುವುದಿಲ್ಲ. ಮೇಲಾಗಿ ಇವು ಸೂಚನೆ ಮಾತ್ರ. ವಿಶ್ವಾಸವಿಲ್ಲದ ಕಡೆಯಿಂದ ಬಂದರೆ ನಂಬಬಾರದೆಂದು ಒಡಂಬಡಿಕೆಯೇ ಹೇಳುತ್ತದೆ.

ಬಾಯಿಮಾತಿನ ತಡೆಯೂ ಸಾಲದು. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಕೋಡಿಂಗ್ ವೇದಿಕೆಯ ಏಜೆಂಟ್, ಏನನ್ನೂ ಬದಲಿಸಬೇಡವೆಂದು ತಾಕೀತು ಮಾಡಿದ್ದರೂ, ಬಳಕೆಯಲ್ಲಿದ್ದ ಡೇಟಾಬೇಸನ್ನು ಅಳಿಸಿದ್ದು ವರದಿಯಾಗಿದೆ.

5

ಇಲ್ಲಿ ಲೈನ್‌ಮ್ಯಾನ್‌ಗಳ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಪದ್ಧತಿ ನೆನಪಾಗುತ್ತದೆ. ಕಂಬ ಹತ್ತುವ ಮುನ್ನ ವಿದ್ಯುತ್ ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತಗೊಳ್ಳಬೇಕು. ಸ್ವಿಚ್ ಇರುವುದು ಕಂಬದ ಮೇಲಿರುವವನ ಕೈಯಲ್ಲಲ್ಲ, ಸ್ಟೇಷನ್ನಿನಲ್ಲಿ. ಎಲ್‌ಸಿ ತಗೊಂಡವನೇ ಅದನ್ನು ಹಿಂದಿರುಗಿಸುವವರೆಗೆ ಲೈನ್ ಚಾರ್ಜ್ ಮಾಡುವಂತಿಲ್ಲ.

ಏಜೆಂಟಿಗೆ ಇದನ್ನು ಹೊಂದಿಸಿದರೆ ಎರಡು ನಿಯಮ ಸಿಗುತ್ತವೆ. ಮೊದಲನೆಯದು, ತಡೆ ಮಾತಿನಲ್ಲಿರದೆ ಅನುಮತಿಯಲ್ಲಿರಬೇಕು. ಗಾತ್ರ ಬದಲಿಸುವ ಅಧಿಕಾರವನ್ನೇ ಏಜೆಂಟಿನ ಖಾತೆಗೆ ಕೊಡದೆ, ಮನುಷ್ಯನೊಬ್ಬ ಒಪ್ಪಿದಾಗ ಮಾತ್ರ ಆ ಹೊತ್ತಿಗೆ ಕೊಡುವಂತೆ ಅಮೆಜಾನ್ ಖಾತೆಯಲ್ಲಿ ಕಟ್ಟುಪಾಡು ಹಾಕಬಹುದು. ಒಪ್ಪಿಗೆ ಕೇಳುವ ಚೀಟಿಯಲ್ಲಿ ಪ್ರಕಟಣೆಯ ಆ ಮೂರು ವಿವರ ಇರಲಿ, ಸಮಯ ಭಾರತೀಯ ಗಡಿಯಾರದಲ್ಲಿರಲಿ. ಜೊತೆಗೆ ‘ಇದನ್ನು ಹಿಂದಕ್ಕೆ ತರಬಹುದೇ’ ಎಂಬ ನಾಲ್ಕನೆಯ ಸಾಲೂ ಇರಲಿ.

ಎರಡನೆಯದು, ಎಲ್‌ಸಿ ಹಿಂದಿರುಗಿಸುವುದು. ಅರ್ಜಿ ಒಪ್ಪಿತವಾದ ಕೂಡಲೇ ಆರ್‌ಡಿಎಸ್ ಉತ್ತರ ಕೊಡುತ್ತದೆ. ಹೊಸ ಗಾತ್ರ ಆಗ ‘ಬಾಕಿ’ ಎಂಬ ಖಾನೆಯಲ್ಲಷ್ಟೇ ಇರುತ್ತದೆ. ಅದನ್ನು ನೋಡಿ ಏಜೆಂಟ್ ‘ಆಯಿತು’ ಎಂದರೆ, ಕಂಬದ ಮೇಲೆ ಆಳಿರುವಾಗಲೇ ಎಲ್‌ಸಿ ಹಿಂದಿರುಗಿಸಿದ ಹಾಗೆ. ಬಾಕಿ ಖಾನೆ ಖಾಲಿಯಾಗಿ, ಡೇಟಾಬೇಸ್ ‘ಲಭ್ಯ’ ಎಂದು ತೋರಿಸಿ, ಮಂಡಿಯ ಒಂದು ಬಿಲ್ಲು ನಿಜವಾಗಿ ಮುದ್ರಣವಾದ ಮೇಲೆ ‘ಆಯಿತು’ ಎನ್ನಲಿ.