ಗೇಮ್‌ನ ಬುದ್ಧಿ ಎಲ್ಲಿರುತ್ತದೆ?

ಫೋನಿನಲ್ಲಿ ಗೇಮ್ ಆಡುವ ಹುಡುಗರನ್ನು ಕಂಡರೆ ಹಿರಿಯರ ಬಾಯಲ್ಲಿ ಬರುವುದು ಒಂದೇ ಮಾತು: ‘ಬುದ್ಧಿ ಇಲ್ಲದ ಆಟ.’ ಬಹಳಷ್ಟು ಆಟಗಳ ಮಟ್ಟಿಗೆ ಈ ಬೈಗುಳ ಸರಿಯೇ. ಆದರೆ ಬುದ್ಧಿ ಇರುವ ಆಟಗಳೂ ಇವೆ. ಆ ಬುದ್ಧಿ ಆಟದ ಯಾವ ಭಾಗದಲ್ಲಿ ಕೂತಿರುತ್ತದೆ, ಅಲ್ಲಿಗೆ ಹೇಗೆ ಬಂತು ಎನ್ನುವುದಕ್ಕೆ ಸುಮಾರು ಐವತ್ತು ವರ್ಷದ ಇತಿಹಾಸವಿದೆ. ಚಿತ್ರ ಎಷ್ಟು ಚೆಂದ, ರಕ್ತ ಎಷ್ಟು ನಿಜ ಕಾಣುತ್ತದೆ ಎಂಬುದನ್ನೆಲ್ಲ ನಾವು ಇಲ್ಲಿ ಪಕ್ಕಕ್ಕಿಡುತ್ತೇವೆ.

1978ರಲ್ಲಿ ಜಪಾನಿನ ಟೈಟೋ ಕಂಪನಿಯ ಎಂಜಿನಿಯರ್ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟ ಮಾಡಿದರು. ನಾಣ್ಯ ಹಾಕಿ ಆಡುವ, ಬೀರುವಿನಂಥ ಪೆಟ್ಟಿಗೆಯ ಆಟ ಅದು. ಐದು ಸಾಲಿನಲ್ಲಿ 55 ವಿಚಿತ್ರ ಜೀವಿಗಳು ಅತ್ತಿಂದಿತ್ತ ಸರಿಯುತ್ತಾ ಕೆಳಗಿಳಿಯುತ್ತವೆ, ನಾವು ಕೆಳಗಿನಿಂದ ಹೊಡೆಯಬೇಕು. ಆಗಿನ ಚಿಪ್‌ಗೆ ಅಷ್ಟನ್ನೂ ಒಟ್ಟಿಗೆ ಓಡಾಡಿಸುವ ತಾಕತ್ತಿರಲಿಲ್ಲ. ಹೇರು ತುಂಬಿದ ಗಾಡಿ ಎಳೆಯುವ ಎತ್ತಿನ ಹಾಗೆ ನಿಧಾನಕ್ಕೆ ಸಾಗುತ್ತಿತ್ತು. ಒಂದೊಂದೇ ಜೀವಿ ಸತ್ತಂತೆ ಭಾರ ಇಳಿದು, ಉಳಿದವು ಜೋರಾಗಿ ಓಡತೊಡಗಿದವು. ಕೊನೆಯದಂತೂ ಗುರಿಗೇ ಸಿಗದಷ್ಟು ವೇಗ.

ನಿಶಿಕಾಡೊ ಇದನ್ನು ತಿದ್ದಲು ಹೋಗದೆ ಹಾಗೇ ಬಿಟ್ಟರು. ಹಿನ್ನೆಲೆಯಲ್ಲಿ ನಾಲ್ಕೇ ಸ್ವರದ ಒಂದು ಸದ್ದು ಎದೆಬಡಿತದಂತೆ ಏರುತ್ತಾ ಹೋಗುತ್ತದೆ. ಗೆಲ್ಲುತ್ತಾ ಹೋದಷ್ಟೂ ಭಯ ಹೆಚ್ಚು! ಒಂದು ಸಾಲು ಕಥೆ ಹೇಳದೆ ಆಟ ಕಥೆಯ ಕೆಲಸ ಮಾಡಿಬಿಟ್ಟಿತು. ಗೇಮ್ ಇತಿಹಾಸದಲ್ಲಿ ನಮಗೆ ತುಂಬಾ ಇಷ್ಟವಾದ ಪ್ರಸಂಗ ಇದು.

ಎರಡು ವರ್ಷದ ನಂತರ, 1980ರಲ್ಲಿ, ನಾಮ್ಕೊ ಕಂಪನಿಯ ತೊರು ಇವಾತಾನಿ ‘ಪ್ಯಾಕ್-ಮ್ಯಾನ್’ ತಂದರು. ಗೇಮ್ ಅಂಗಡಿಗಳಲ್ಲಿ ಆಗ ಗಂಡಸರದ್ದೇ ಜಾತ್ರೆ, ಆಟಗಳೆಲ್ಲ ಗುಂಡು ಹೊಡೆಯುವವು. ಹೆಣ್ಣುಮಕ್ಕಳೂ ಬಂದು ಆಡಬೇಕೆಂದು ಇವಾತಾನಿ ‘ತಿನ್ನುವುದು’ ಎಂಬ ಕೆಲಸವನ್ನೇ ಆಟ ಮಾಡಿದರು. ಓಣಿಗಳಲ್ಲಿ ಚುಕ್ಕೆ ತಿನ್ನುತ್ತಾ ಹೋಗುವ ಹಳದಿ ಉಂಡೆಯನ್ನು ನಾಲ್ಕು ದೆವ್ವಗಳು ಅಟ್ಟಿಸಿಕೊಂಡು ಬರುತ್ತವೆ. ನಾಲ್ಕೂ ಒಂದೇ ರೀತಿ ಬಂದಿದ್ದರೆ ಬೆನ್ನ ಹಿಂದೆ ಸಾಲಾಗಿ ಬರುತ್ತಿದ್ದವು ಅಷ್ಟೇ. ಹಾಗಾಗಿ ಒಂದೊಂದಕ್ಕೆ ಒಂದೊಂದು ಗುಣ ಕೊಟ್ಟರು. ಕೆಂಪು ನೇರ ಬೆನ್ನು ಹತ್ತುತ್ತದೆ. ಗುಲಾಬಿ ನೀವು ಹೋಗಲಿರುವ ಜಾಗಕ್ಕೆ ಮೊದಲೇ ಹೋಗಿ ಅಡ್ಡಗಟ್ಟಲು ನೋಡುತ್ತದೆ. ನೀಲಿ ಎಲ್ಲಿಗೆ ಹೋಗಬೇಕೆಂಬುದು ಕೆಂಪು ಎಲ್ಲಿದೆ ಎನ್ನುವುದನ್ನೂ ನೋಡಿಕೊಂಡು ತೀರ್ಮಾನವಾಗುತ್ತದೆ. ಕಿತ್ತಳೆಯದು ಪುಕ್ಕಲು: ಹತ್ತಿರ ಬಂದೊಡನೆ ತನ್ನ ಮೂಲೆಗೆ ಓಡಿಹೋಗುತ್ತದೆ. ನಡುನಡುವೆ ನಾಲ್ಕೂ ಅಟ್ಟುವುದನ್ನು ಬಿಟ್ಟು ಚದುರುತ್ತವೆ, ಆಡುವವರಿಗೆ ಉಸಿರಾಡಲು ಬಿಡುವು ಸಿಗಲಿ ಅಂತ. ದೆವ್ವಗಳಿಗೆ ಬುದ್ಧಿ ಇದೆಯೆಂದು ಜನ ನಂಬಿದರು. ಇದ್ದದ್ದು ನಾಲ್ಕು ಸಣ್ಣ ನಿಯಮ.

ಕಥೆಯ ದಾರಿ ಬೇರೆ ಕಡೆಯಿಂದ ಬಂತು. ಅಮೆರಿಕದ ವಿಲ್ ಕ್ರೌಥರ್ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು, ಬಿಡುವಿನಲ್ಲಿ ಗುಹೆ ಇಳಿಯುವವರು. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯ ಸುತ್ತಮುತ್ತ ಅವರೂ ಅವರ ಹೆಂಡತಿಯೂ ನಕ್ಷೆ ಮಾಡುತ್ತಾ ಓಡಾಡಿದವರು. ವಿಚ್ಛೇದನವಾದ ಮೇಲೆ, ತನ್ನ ಹೆಣ್ಣುಮಕ್ಕಳಿಗೆಂದು 1976ರ ಹೊತ್ತಿಗೆ ಅವರು ಬರೆದದ್ದು ‘ಕೊಲೊಸಲ್ ಕೇವ್ ಅಡ್ವೆಂಚರ್’. ಚಿತ್ರವೇ ಇಲ್ಲ, ಬರೀ ಅಕ್ಷರ. ‘ಉತ್ತರಕ್ಕೆ ಹೋಗು’ ಎಂದು ಟೈಪ್ ಮಾಡಿದರೆ ಅಲ್ಲೇನಿದೆ ಎಂದು ಕಂಪ್ಯೂಟರ್ ಬರೆದು ಹೇಳುತ್ತಿತ್ತು. ಮರುವರ್ಷ ಡಾನ್ ವುಡ್ಸ್ ಎಂಬುವರು ಅದನ್ನು ಬೆಳೆಸಿದರು. ಇಂದಿನ ಕಥೆಯಿರುವ ಗೇಮ್‌ಗಳಲ್ಲಿ ಬಹುಪಾಲು ಈ ಗುಹೆಗೆ ಋಣಿ.

ಮುಂದೆ ಬಹಳ ಕಾಲ ಕಥೆ ಒಂದು ಕಡೆ, ನಿಯಮ ಒಂದು ಕಡೆ ನಡೆದವು. ಸಿನಿಮಾದಂಥ ಒಂದು ತುಣುಕು, ಆಮೇಲೆ ಒಂದಿಷ್ಟು ಹೊಡೆದಾಟ, ಮತ್ತೆ ಸಿನಿಮಾ. ಸಿನಿಮಾ ತುಣುಕಿನಲ್ಲಿ ಕರುಣೆಯಿಂದ ಕಣ್ಣೀರು ಹಾಕುವ ನಾಯಕ, ಕೈಗೆ ಕಂಟ್ರೋಲ್ ಸಿಕ್ಕ ಕೂಡಲೇ ನೂರು ಜನರನ್ನು ಕೊಲ್ಲುತ್ತಾನೆ! 2007ರಲ್ಲಿ ಗೇಮ್ ರಚಿಸುವ ಕ್ಲಿಂಟ್ ಹಾಕಿಂಗ್ ‘ಬಯೋಶಾಕ್’ ಆಟವನ್ನು ವಿಮರ್ಶೆ ಮಾಡುತ್ತಾ ಇಂಥದ್ದೇ ಒಂದು ಬಿರುಕಿಗೆ ಹೆಸರು ಕೊಟ್ಟರು: ಆಟದ ನಿಯಮ ಸ್ವಾರ್ಥವನ್ನು ಕಲಿಸುತ್ತದೆ, ಕಥೆ ಮಾತ್ರ ಇನ್ನೊಬ್ಬನಿಗೆ ನೆರವಾಗು ಅನ್ನುತ್ತದೆ. ಹೇಳುವುದೊಂದು, ಮಾಡಿಸುವುದೊಂದು.

ಎರಡೂ ಒಂದಾದರೆ ಹೇಗಿರುತ್ತದೆ ಎನ್ನುವುದಕ್ಕೆ ನಮ್ಮ ಕಡೆಯ ಆಡುಹುಲಿ ಆಟ ನೆನೆಸಿಕೊಳ್ಳಿ. ಹುಲಿ ಕೆಲವೇ, ಆದರೆ ಹಾರಿ ಕೊಲ್ಲಬಲ್ಲವು. ಆಡುಗಳು ಹಲವು, ಯಾರನ್ನೂ ಕೊಲ್ಲಲಾರವು, ಒತ್ತಾಗಿ ನಿಂತು ದಾರಿ ಕಟ್ಟಬಲ್ಲವು. ಕಥೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕಾಯಿ ನಡೆಸುವಾಗ ಅದು ಕೈಗೇ ಗೊತ್ತಾಗುತ್ತದೆ.

ಕಂಪ್ಯೂಟರಿನಲ್ಲಿ ಇದನ್ನು ಸಾಧಿಸಿದ ಆಟಗಳಲ್ಲಿ ನಾವು ಮೊದಲಿಗೆ ಇಡುವುದು 2013ರ ‘ಪೇಪರ್ಸ್, ಪ್ಲೀಸ್’. ಮಾಡಿದವರು ಲೂಕಸ್ ಪೋಪ್, ಹೆಚ್ಚುಕಡಿಮೆ ಒಬ್ಬರೇ. ಅಮೆರಿಕದವರು, ಜಪಾನಿನಲ್ಲಿ ನೆಲೆಸಿದ್ದವರು. ವಿಮಾನ ನಿಲ್ದಾಣಗಳಲ್ಲಿ ಪಾಸ್‌ಪೋರ್ಟ್ ನೋಡಿ ಠಸ್ಸೆ ಒತ್ತುವ ಅಧಿಕಾರಿಗಳನ್ನು ಕಂಡು, ಇದನ್ನೇ ಆಟ ಮಾಡಬಹುದಲ್ಲ ಎಂದು ಹೊಳೆಯಿತಂತೆ.

ಕಾಲ 1982, ಆರ್ಸ್ಟೊಟ್ಸ್ಕಾ ಎಂಬ ಕಲ್ಪಿತ ದೇಶ. ನೀವು ಗಡಿಯ ಗೂಡಿನಲ್ಲಿ ಕೂತ ಗುಮಾಸ್ತ. ಒಬ್ಬೊಬ್ಬರೇ ಬಂದು ಕಾಗದ ಕೊಡುತ್ತಾರೆ. ಹೆಸರು, ಫೋಟೋ, ತಾರೀಖು, ಮೊಹರು ಎಲ್ಲ ತಾಳೆ ನೋಡಿ ಹಸಿರು ಠಸ್ಸೆಯೋ ಕೆಂಪು ಠಸ್ಸೆಯೋ ಒತ್ತಬೇಕು. ಸಂಬಳ ತಲೆ ಲೆಕ್ಕದಲ್ಲಿ, ಸರಿಯಾಗಿ ನೋಡಿದ ಒಬ್ಬರಿಗೆ 5 ಕ್ರೆಡಿಟ್. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ದಿನ ಕಳೆದಂತೆ ಕಾಗದ ಹೆಚ್ಚು, ನಿಯಮ ಹೆಚ್ಚು, ಮೇಜು ಮಾತ್ರ ಅಷ್ಟೇ ಅಗಲ. ಯಾವುದಾದರೂ ಕಚೇರಿಯ ಕಿಟಕಿ ಮುಂದೆ ‘ಇನ್ನೊಂದು ಜೆರಾಕ್ಸ್ ತನ್ನಿ’ ಅನ್ನಿಸಿಕೊಂಡು ವಾಪಸ್ ಬಂದವರಿಗೆ ಈ ಮೇಜು ಚೆನ್ನಾಗಿ ಗೊತ್ತು. ಇಲ್ಲಿ ನೀವು ಕೂತಿರುವುದು ಕಿಟಕಿಯ ಒಳಗಡೆ.

ಸಂಜೆ ಮನೆಯ ಲೆಕ್ಕ ಬರುತ್ತದೆ. ಬಾಡಿಗೆ, ಊಟ, ಚಳಿಗೆ ಬೆಂಕಿ. ಹೆಂಡತಿ, ಮಗ, ಅತ್ತೆ, ಮಾವ ಮನೆಯಲ್ಲಿದ್ದಾರೆ. ದುಡ್ಡು ಸಾಲದಿದ್ದರೆ ಯಾರೋ ಕಾಯಿಲೆ ಬೀಳುತ್ತಾರೆ, ಮತ್ತೂ ಸಾಲದಿದ್ದರೆ ಸಾಯುತ್ತಾರೆ.

ಒಂದು ದಿನ ಸಾಲಿನಲ್ಲಿ ಗಂಡನೊಬ್ಬ ಬರುತ್ತಾನೆ, ಕಾಗದ ಸರಿ ಇವೆ. ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಎಂದು ಹೇಳಿ ಒಳಗೆ ಹೋಗುತ್ತಾನೆ. ಆಕೆಯ ಬಳಿ ಪ್ರವೇಶ ಪತ್ರ ಇಲ್ಲ. ಬಿಟ್ಟರೆ ನಿಮ್ಮ ಲೆಕ್ಕಕ್ಕೆ ಒಂದು ತಪ್ಪು. ಅದು ಆ ದಿನದ ಮೂರನೆಯ ತಪ್ಪಾದರೆ ಮಗನ ಊಟಕ್ಕೆ ಕುತ್ತು. ಹಿಂದಕ್ಕೆ ಕಳಿಸಿದರೆ ನಿಮಗೆ ನಷ್ಟವೇನೂ ಇಲ್ಲ. ಆಟ ಯಾವ ಉಪದೇಶವನ್ನೂ ಕೊಡದೆ ಠಸ್ಸೆಗಳನ್ನು ಮುಂದಿಟ್ಟು ಸುಮ್ಮನಿರುತ್ತದೆ. ಮುಂದೆ ಕಾವಲುಗಾರನೊಬ್ಬ ಬಂದು, ಹೆಚ್ಚು ಜನರನ್ನು ಬಂಧಿಸಿದರೆ ನಿನಗೂ ಪಾಲು ಅನ್ನುತ್ತಾನೆ. ಆಮೇಲೆ ನಿಮ್ಮ ಕಣ್ಣು ತಪ್ಪುಗಳನ್ನು ಹುಡುಕುವ ರೀತಿಯೇ ಬದಲಾಗುತ್ತದೆ. ಒಳ್ಳೆಯ ಮನುಷ್ಯ ಕೆಟ್ಟ ವ್ಯವಸ್ಥೆಯ ಕೈಯಾಗುವುದು ಹೇಗೆ ಎನ್ನುವುದನ್ನು ಒಂದು ಕಾದಂಬರಿ ವರ್ಣಿಸಿ ಹೇಳಬಹುದು. ಈ ಆಟ ಅದನ್ನು ನಮ್ಮ ಕೈಯಲ್ಲೇ ಮಾಡಿಸುತ್ತದೆ. 2014ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಇದಕ್ಕೆ ಬಂತು.

ಅದೇ ವರ್ಷ ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ ‘ದಿಸ್ ವಾರ್ ಆಫ್ ಮೈನ್’ ಎಂಬ ಯುದ್ಧದ ಆಟ ತಂದಿತು. ಇದರಲ್ಲಿ ನೀವು ಸೈನಿಕರಲ್ಲ, ಮುತ್ತಿಗೆ ಬಿದ್ದ ಊರಿನ ಬಡಪಾಯಿಗಳು. 1990ರ ದಶಕದ ಸರಾಯೆವೊ ಮುತ್ತಿಗೆ ಇದಕ್ಕೆ ಸ್ಫೂರ್ತಿ. ರಾತ್ರಿ ಅನ್ನ, ಔಷಧ ಹುಡುಕಿಕೊಂಡು ಹೋಗುತ್ತೀರಿ. ಒಂದು ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಇದ್ದಾರೆ, ಅವರದ್ದನ್ನು ಕದಿಯುವುದು ಸುಲಭ. ಕದ್ದು ತಂದರೆ ಹೊಟ್ಟೆ ತುಂಬುತ್ತದೆ, ಆದರೆ ಕದ್ದವನ ಮನಸ್ಸು ಕುಸಿಯುತ್ತದೆ. 2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಶಾಲೆಯ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು.

ಹಾಗಾದರೆ ನಮ್ಮ ಫೋನುಗಳಲ್ಲಿ ಜಾಸ್ತಿ ಓಡುವ ಪುಕ್ಕಟೆ ಆಟಗಳಿಗೆ ಬುದ್ಧಿ ಇಲ್ಲವೇ? ಬೇಕಾದಷ್ಟಿದೆ, ಅದು ಕೆಲಸ ಮಾಡುವುದು ಬೇರೆಯವರಿಗೆ. 2012ರ ‘ಕ್ಯಾಂಡಿ ಕ್ರಶ್ ಸಾಗಾ’ ನೋಡಿ. ಐದು ಜೀವ ಕೊಡುತ್ತಾರೆ. ಅವು ಮುಗಿದರೆ ಒಂದು ಜೀವ ಬರಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಈ ಅರ್ಧ ಗಂಟೆಗೂ ಕಥೆಗೂ ಸಂಬಂಧವೇ ಇಲ್ಲ, ನಿಮ್ಮ ಚಡಪಡಿಕೆಗೆ ಅದು ಹಾಕಿದ ಬೆಲೆ. ರಮ್ಮಿಯಂಥ ಹಣದ ಆಟಗಳು ಇನ್ನೂ ಮುಂದೆ ಹೋಗಿ ಮನೆ ಮುರಿದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದದ್ದು ಅದಕ್ಕೇ. ಮನೆಯ ಹುಡುಗ ಏನು ಆಡುತ್ತಿದ್ದಾನೆ ಎಂದು ನೋಡುವಾಗ ನಾವು ಕೇಳುವುದು ಇಷ್ಟು: ಸೋತರೆ ಈ ಆಟ ಅವನಿಗೆ ಏನು ಮಾಡು ಅನ್ನುತ್ತದೆ? ಇನ್ನೊಂದು ಉಪಾಯ ಯೋಚಿಸು ಅನ್ನುತ್ತದೋ, ಅಪ್ಪನ ಯುಪಿಐ ಪಿನ್ ಕೇಳು ಅನ್ನುತ್ತದೋ?

‘ಪೇಪರ್ಸ್, ಪ್ಲೀಸ್’ 2022ರಲ್ಲಿ ಫೋನಿಗೂ ಬಂದಿದೆ, ‘ದಿಸ್ ವಾರ್ ಆಫ್ ಮೈನ್’ ಅದಕ್ಕೂ ಮೊದಲೇ ಬಂದಿತ್ತು. ಎರಡೂ ಚಿಕ್ಕ ಮಕ್ಕಳಿಗೆ ಹೇಳಿದ್ದಲ್ಲ. ಆಡುವ ಕಾಲೇಜು ಹುಡುಗರು ಆ ಗಂಡ ಹೆಂಡತಿ ಬಂದಾಗ ಯಾವ ಠಸ್ಸೆ ಒತ್ತಿದಿರಿ, ನಮಗೂ ತಿಳಿಸಿ.